ಗೋಧಿ ಬೇಯಿಸದ ಮನೆ

ಆ ಬೆಳಿಗ್ಗೆ ಸ್ತಾನೊಯ್ಕಾ ಅಜ್ಜಿಯ ಬಾತುಗಳು ನೀರಿಗಿಳಿಯಲಿಲ್ಲ.

ದಡದಲ್ಲೇ ಗುಂಪುಕಟ್ಟಿ ನಿಂತು, ಕತ್ತು ನೀಡಿ ಕಿರುಚಿದವು. ಅಜ್ಜಿ ಕೋಲು ಬೀಸಿದಳು. ಬೈದಳು. ಆಮೇಲೆ ಅವು ನೋಡುತ್ತಿದ್ದ ಕಡೆ ತಾನೂ ನೋಡಿದಳು.

ಸೇತುವೆಯ ಕೆಳಗೆ, ಕಲ್ಲುಗಳ ನಡುವೆ, ಓಬ್ರೆನ್ ಬಿದ್ದಿದ್ದ. ಮುಖ ದ್ರೀನಾ ಹೊಳೆಯ ನೀರಿನಲ್ಲಿ, ಕಾಲು ದಡದ ಮೇಲೆ.

ಇನ್‌ಸ್ಪೆಕ್ಟರ್ ಸೆನಿಹಾ ಬರುವಷ್ಟರಲ್ಲಿ ಮಂಜು ಅರ್ಧ ಕರಗಿತ್ತು. ಅವಳ ಜೊತೆ ಹೆಡ್ ಕಾನ್‌ಸ್ಟೇಬಲ್ ಪೆರಿಶಾ. ನಿವೃತ್ತಿಗೆ ಒಂದೇ ಚಳಿಗಾಲ ಬಾಕಿ ಇದ್ದ ಮನುಷ್ಯ. ಬಾಯಿಗೆ ಮಾತ್ರ ನಿವೃತ್ತಿ ಇರಲಿಲ್ಲ.

ಇಬ್ಬರೂ ಸೇರಿ ಹೆಣವನ್ನು ಮೇಲಕ್ಕೆಳೆದರು. ತಲೆಯ ಹಿಂಭಾಗ ಒಡೆದಿತ್ತು. ಒಂದೇ ಏಟು.

"ಹಿಂದಿನಿಂದ ಹೊಡೆದಿದಾರೆ," ಎಂದಳು ಸೆನಿಹಾ.

"ಅದಿರಲಿ ಇನ್‌ಸ್ಪೆಕ್ಟರಮ್ಮ, ಇವನ ವೇಷ ನೋಡಿ. ಮದುವೆಗೆ ಹೊರಟಿದ್ನಾ ಮುದುಕ?"

ನೋಡುವಂತೆಯೇ ಇತ್ತು. ಬಸ್ ಓಡಿಸುವುದು ಬಿಟ್ಟ ಮೇಲೆ ಓಬ್ರೆನ್‌ನನ್ನು ಯಾರೂ ಅವನ ಹಳೇ ನೀಲಿ ಸ್ವೆಟರ್ ಇಲ್ಲದೆ ಕಂಡದ್ದಿಲ್ಲ. ಈಗ ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಕೋಟು. ಪಾಲಿಷ್ ಹಾಕಿದ ಬೂಟು. ಸೆನಿಹಾ ಕೋಟಿನ ಜೇಬಿಗೆ ಕೈ ಹಾಕಿದಳು. ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ರೊಟ್ಟಿ. ಕೆಂಪು ದ್ರಾಕ್ಷಾರಸ ಹೀರಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಮೇಲೆ ಮುದ್ರೆ ಒತ್ತಿದ ಗುರುತಿನ ಒಂದು ಮೂಲೆ.

ಪೆರಿಶಾನ ನಗು ನಿಂತಿತು. "ಇದು ಹಬ್ಬದ ರೊಟ್ಟಿ."

"ಯಾರ ಮನೇದು?"

"ನಿನ್ನೆ ಮಿಹಾಯಿಲ ದೇವದೂತನ ದಿನ. ಈ ಊರಲ್ಲಿ ಮಿಹಾಯಿಲನ ಒಕ್ಕಲು ಅಂದ್ರೆ ಒಂದೇ ಮನೆ." ಅವನು ಗದ್ದ ಎತ್ತಿ, ಬಾತುಗಳ ನಡುವೆ ಕಲ್ಲಿನಂತೆ ನಿಂತಿದ್ದ ಅಜ್ಜಿಯತ್ತ ತೋರಿಸಿದ. "ಅವಳದ್ದು."

ಅಜ್ಜಿ ತಲೆ ಅಲ್ಲಾಡಿಸಿದಳು. "ಈ ಸಲ ಓಬ್ರೆನ್ ಬರಲಿಲ್ಲ. ಕತ್ತಲಾಗೋವರೆಗೂ ಅವನ ತಟ್ಟೆ ಎತ್ತದೆ ಇಟ್ಟಿದ್ದೆ. ಮೊದಲನೇ ಸಲ ಬರಲಿಲ್ಲ."

* * *

ಯಾಸೆನೊವೊ ಊರಿಗೆ ಎರಡು ದಡ. ಈ ದಡದಲ್ಲಿ ಇಗರ್ಜಿ, ಆ ದಡದಲ್ಲಿ ಮಸೀದಿ. ಯುದ್ಧಕ್ಕೆ ಮುಂಚೆ ಸೇತುವೆಯ ಮೇಲೆ ಹಗಲೆಲ್ಲ ಜನ ಓಡಾಡುತ್ತಿದ್ದರು. ಈಗ ಆ ದಡದಲ್ಲಿ ಒಲೆ ಉರಿಯುವುದು ಮೂರೇ ಮನೆಯಲ್ಲಿ. ಮೂರನೆಯದು ಸೆನಿಹಾಳದ್ದು. ಅವಳು ಮನೆಗೆ ಬಂದ ಕೂಡಲೇ ರೇಡಿಯೋ ಹಾಕುತ್ತಾಳೆ. ಕೇಳುವುದಕ್ಕಲ್ಲ. ಮನೆಯಲ್ಲಿ ಇನ್ನೊಂದು ದನಿ ಇರಲಿ ಎಂದು.

ಹದಿನೇಳು ವರ್ಷದ ಹಿಂದೆ, ಯುದ್ಧದ ಮೊದಲ ವಸಂತದಲ್ಲಿ, ಆ ದಡದ ಗಂಡಸರನ್ನೆಲ್ಲ ಒಂದು ಬಸ್ಸಿಗೆ ಹತ್ತಿಸಿದರು. ಕ್ಷೌರಿಕ ಮುಹರೆಮ್ ಎರಡನೇ ಸೀಟಿನಲ್ಲಿ ಕೂತಿದ್ದ. ಅವನೇ ಸೆನಿಹಾಳ ಅಪ್ಪ. ಅವಳಾಗ ಸರಯೇವೊದಲ್ಲಿ ಓದುತ್ತಿದ್ದಳು. ಬಸ್ಸು ಸಾಮಿಲ್ಲಿನ ಗೇಟಿನವರೆಗೆ ಹೋಗಿ, ಖಾಲಿಯಾಗಿ ಹಿಂದಿರುಗಿತು. ಗೇಟಿನಲ್ಲಿ ಅವರನ್ನು ಇಳಿಸಿಕೊಂಡವನು ಮೇಜರ್ ವೊಯಿನ್ ತೆಪಾವಾತ್ಸ್. ಬಸ್ಸು ಓಡಿಸಿದವನು ಓಬ್ರೆನ್. ಕೊರಳಿಗೆ ಬಂದೂಕು ಹಿಡಿದಿದ್ದರು ಎನ್ನುವವರಿದ್ದರು. ಹಿಡಿದಿರಲಿಲ್ಲ ಎನ್ನುವವರೂ ಇದ್ದರು.

ಆ ಗಂಡಸರ ಮೂಳೆ ಇವತ್ತಿಗೂ ಸಿಕ್ಕಿಲ್ಲ. ಎಲ್ಲಿ ಹೂತರೆಂದು ಬಲ್ಲವನು ಮೇಜರ್ ಒಬ್ಬನೇ ಎಂದು ಊರು ನಂಬಿತ್ತು. ಅವನ ಮುಖ ಠಾಣೆಯ ಗೋಡೆಯಲ್ಲಿ, ಬಸ್ ನಿಲ್ದಾಣದಲ್ಲಿ, ಅಂಚೆ ಕಚೇರಿಯ ಬಾಗಿಲಲ್ಲಿ ಅಂಟಿಕೊಂಡಿದೆ. ದುಂಡು ಮುಖ, ದಪ್ಪ ಕತ್ತು, ಕಪ್ಪು ಕನ್ನಡಕ. ಕೆಳಗೆ: ಈ ಯುದ್ಧಾಪರಾಧಿಯ ಸುಳಿವು ಕೊಟ್ಟವರಿಗೆ ಸರ್ಕಾರದಿಂದ ಹತ್ತು ಲಕ್ಷ ಡಾಲರ್ ಬಹುಮಾನ. ಹೆಸರು ಗುಟ್ಟಾಗಿಡಲಾಗುವುದು.

ಈ ಊರಿನಲ್ಲಿ ಗುಟ್ಟು!

ಅಂಚೆ ಕಚೇರಿಯ ಮಿಲೆವಾ ಕಿಟಕಿಯ ಹಿಂದಿನಿಂದ ಕಣ್ಣೊರೆಸಿಕೊಂಡಳು. "ಮೊನ್ನೆ ಇಲ್ಲಿಂದಾನೇ ಫೋನ್ ಮಾಡಿದ. ಆ ಬಹುಮಾನದ ನಂಬರಿಗೆ. ನಾನು ಕದ್ದು ಕೇಳಲಿಲ್ಲ ಆಯ್ತಾ? ಅವನಿಗೇ ಕಿವಿ ಮಂದ. ಕೂಗಿ ಮಾತಾಡ್ತಾನೆ."

"ಏನಂದ?"

"'ನೀವು ಹುಡುಕ್ತಿರೋನು ನಮ್ಮೂರಲ್ಲೇ ಇದಾನೆ ಅನ್ಸುತ್ತೆ. ನಾಳೆ ಒಂದಿನ ತಡೀರಿ. ನಾಳೆ ಖಾತ್ರಿ ಆಗುತ್ತೆ. ಆಮೇಲೆ ಹೆಸರು ಹೇಳ್ತೀನಿ. ನನಗೆ ದುಡ್ಡು ಬೇಡ' ಅಂದ."

"ನೀನು ಇದನ್ನ ಯಾರಿಗೆ ಹೇಳಿದೆ?"

ಮಿಲೆವಾ ಬೆಚ್ಚಿಬಿದ್ದಳು. "ಯಾರಿಗೂ ಇಲ್ಲ! ನನ್ನ ನಾದಿನಿಗೆ. ಆಮೇಲೆ ಗಾವ್ರೊನ ಕಾಫಿ ಅಂಗಡೀಲಿ, ಹಾಗೇ ಮಾತಿಗೆ…"

ಅಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಹೊರಗೆ ಬಂದು ಸೆನಿಹಾ ಮೆಟ್ಟಿಲ ಮೇಲೆ ನಿಂತಳು. ಓಬ್ರೆನ್ ಆಗಾಗ ಠಾಣೆಗೆ ಬರುತ್ತಿದ್ದ. ಬೆಂಚಿನ ಮೇಲೆ ಟೋಪಿ ತಿರುಗಿಸುತ್ತ ಕೂರುತ್ತಿದ್ದ. ಏನೂ ಹೇಳದೆ ಎದ್ದು ಹೋಗುತ್ತಿದ್ದ. ಏನು ಬೇಕು ಎಂದು ಅವಳೂ ಕೇಳಿರಲಿಲ್ಲ. ಮೇಜರನವರೆಗೆ ಹೋಗುವ ಒಂದೇ ಒಂದು ದಾರ ಆ ಬೆಂಚಿನ ಮೇಲೆ ಇಷ್ಟು ವರ್ಷ ಕೂತಿತ್ತು. ಈಗ ಅದೂ ಕಡಿದುಹೋಗಿತ್ತು.

'ನಾಳೆ ಖಾತ್ರಿ ಆಗುತ್ತೆ.' ನಾಳೆಯಲ್ಲಿ ಏನಿತ್ತು?

* * *

ಗಾವ್ರೊನ ಅಂಗಡಿಯ ಗೋಡೆಯಲ್ಲೂ ಮೇಜರನ ಚಿತ್ರವಿತ್ತು. ಬಹುಮಾನದ್ದಲ್ಲ. ಚೌಕಟ್ಟು ಹಾಕಿದ್ದು, ಹೂವಿನ ಹಾರ ಬೇರೆ.

"ಅವನು ನಮ್ಮ ವೀರ!" ಗಾವ್ರೊ ಎದೆ ಮುಂದಕ್ಕೆ ತಂದ. "ಅವನನ್ನ ದುಡ್ಡಿಗೆ ಮಾರೋನು ನಾಯಿ. ಓಬ್ರೆನ್ ಸತ್ತಿದ್ದಕ್ಕೆ ನಾನಂತೂ ಅಳಲ್ಲ. ಬರ್ಕೊಳ್ಳಿ ಬೇಕಾದ್ರೆ."

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ಇಲ್ಲೇ."

"ಅಂಗಡಿ ಮುಚ್ಚಿತ್ತಂತಲ್ಲ."

ಎದೆ ಸ್ವಲ್ಪ ಹಿಂದಕ್ಕೆ ಹೋಯಿತು. "ಕೆಲಸ ಇತ್ತು. ನನ್ನ ಸ್ವಂತ ಕೆಲಸ. ನಿಮಗ್ಯಾಕೆ ಹೇಳ್ಬೇಕು?"

"ಕಾಲು ಗಂಟೆ ಕೊಡ್ತೀನಿ ಗಾವ್ರೊ. ಆಮೇಲೆ ಜೀಪ್ ಹತ್ತಿಸ್ತೀನಿ."

ಅವನು ತಿರುಗಿ ಲೋಟ ಒರೆಸತೊಡಗಿದ. ಸೆನಿಹಾಳಿಗೆ ಏನೋ ಹೊಳೆಯಿತು. ಹೊರಗೆ ಹೋಗಿ ಬಹುಮಾನದ ಕಚೇರಿಗೆ ಫೋನ್ ಮಾಡಿದಳು. ಮೊದಲು ಓಬ್ರೆನ್‌ನ ವಿಷಯ. ಆ ಕಡೆಯ ಅಧಿಕಾರಿಗೆ ಮಿಲೆವಾ ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಗೊತ್ತಿರಲಿಲ್ಲ. ಆಮೇಲೆ ಗಾವ್ರೊನ ಹೆಸರು ಹೇಳಿದಳು. ಆ ಕಡೆ ನಗು.

"ಯಾಸೆನೊವೊದ ಗಾವ್ರೊನಾ? ನಿನ್ನೆ ಮಧ್ಯಾಹ್ನದಿಂದ ಕತ್ತಲಾಗೋವರೆಗೂ ನಮ್ಮೆದುರಿಗೇ ಕೂತಿದ್ದ ಮೇಡಂ. ವರ್ಷಕ್ಕೆ ನಾಕು ಸಲ ಬರ್ತಾನೆ. ಪ್ರತಿ ಸಲ ಒಬ್ಬೊಬ್ಬರನ್ನ ಮೇಜರ್ ಅಂತಾನೆ. ಹೋದ ಸಲ ದನದ ಡಾಕ್ಟ್ರು. ಈ ಸಲ ಅವನ ಸೋದರಮಾವ."

ಸೆನಿಹಾ ಒಳಗೆ ಬಂದಳು. ಪೆರಿಶಾನ ಕಿವಿಯಲ್ಲಿ ಹೇಳಿದಳು. ಪೆರಿಶಾ ಮೇಜರನ ಚಿತ್ರದ ಹಾರವನ್ನು ಸರಿಯಾಗಿ ಜೋಡಿಸಿ, ಗಾವ್ರೊನ ಬೆನ್ನು ತಟ್ಟಿದ.

"ಸೋದರಮಾವನಿಗೆ ನಮಸ್ಕಾರ ತಿಳಿಸಪ್ಪ."

ಗಾವ್ರೊನ ಮುಖ ಬೀಟ್‌ರೂಟಿನಂತಾಯಿತು.

* * *

ಜಿಲ್ಲಾಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಹೇಳಿದ್ದು ಇಷ್ಟು. ಸತ್ತದ್ದು ಹಬ್ಬದ ದಿನ ಸೂರ್ಯ ಮುಳುಗುವ ಹೊತ್ತಿಗೆ. ಅದಕ್ಕೆ ಸ್ವಲ್ಪ ಮುಂಚೆ ಹೊಟ್ಟೆ ತುಂಬ ಉಂಡಿದ್ದಾನೆ. ಹುರಿದ ಹಂದಿಮಾಂಸ, ರೊಟ್ಟಿ, ಕೆಂಪು ದ್ರಾಕ್ಷಾರಸ.

"ಬೇಯಿಸಿದ ಗೋಧಿ?" ಎಂದು ಕೇಳಿದಳು ಸೆನಿಹಾ.

"ಗೋಧಿ ಇಲ್ಲ. ಯಾಕೆ?"

ಅವಳು ಫೋನ್ ಇಟ್ಟಳು. ಎದ್ದು ಸ್ತಾನೊಯ್ಕಾ ಅಜ್ಜಿಯ ಮನೆಗೆ ನಡೆದಳು.

ಹದಿನೇಳು ವರ್ಷದಿಂದ ಆ ಹೊಸ್ತಿಲು ದಾಟಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಬೆರಳು ಹಿಡಿದು ಈ ದಡದ ಮನೆಗಳಿಗೆಲ್ಲ ಹಬ್ಬಕ್ಕೆ ಬರುತ್ತಿದ್ದಳು. ಮನೆದೇವರ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ; ನೆನಪಿದ್ದವರು ತಾವಾಗಿ ಹೋಗುತ್ತಾರೆ. ಯಜಮಾನ ದಿನವಿಡೀ ಕೂರದೆ ಬಡಿಸುತ್ತಾನೆ. ಬಾಗಿಲಲ್ಲೇ ಒಂದು ಬಟ್ಟಲು: ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿ. ಪುಟ್ಟ ಸೆನಿಹಾ ಅದಕ್ಕಾಗಿಯೇ ಹೋಗುತ್ತಿದ್ದದ್ದು. ಈ ಮನೆಯಲ್ಲಿ ಮಾತ್ರ ಆ ಬಟ್ಟಲಿಲ್ಲ. ಒಮ್ಮೆ ಇಲ್ಲೇ ಹಟ ಹಿಡಿದು ಅತ್ತಿದ್ದಳು.

ಅಜ್ಜಿಗೂ ಅದೇ ನೆನಪಾಯಿತೇನೋ. ಕಾಫಿ ಇಡುತ್ತ ಮೆಲ್ಲಗೆ ಅಂದಳು: "ಗೋಧಿ ಇಲ್ಲ ಮಗಳೇ. ಗೊತ್ತಲ್ಲ."

"ಯಾಕೆ ಅಂತ ಇನ್ನೊಂದ್ಸಲ ಹೇಳಿ ಅಜ್ಜಿ."

"ಗೋಧಿ ಸತ್ತವರಿಗೆ. ಸಂತರು ಮನುಷ್ಯರು. ನಿಕೊಲಾ ಸತ್ತ, ಜೊರ್ಜೆ ಸತ್ತ, ಲೂಕಾ ಸತ್ತ. ಅವರ ಒಕ್ಕಲೆಲ್ಲ ಗೋಧಿ ಬೇಯಿಸ್ತಾರೆ. ನಮ್ಮ ಮಿಹಾಯಿಲ ಮನುಷ್ಯನಲ್ಲ, ದೇವದೂತ. ಅವನಿಗೆ ಸಾವಿಲ್ಲ. ಬದುಕಿರೋನಿಗೆ ಗೋಧಿ ಇಟ್ಟರೆ ಶಾಪ ಹಾಕಿದ ಹಾಗೆ." ಅವಳು ನಿಲ್ಲಿಸಿ ಸೆನಿಹಾಳನ್ನು ನೋಡಿದಳು. "ಓಬ್ರೆನ್ ಹೊಟ್ಟೇಲಿ ಗೋಧಿ ಇರಲಿಲ್ಲ ಅಲ್ವಾ? ಅದಕ್ಕೆ ಬಂದೆ. ನಾನು ಸುಳ್ಳು ಹೇಳ್ತಿದೀನಿ ಅಂತ."

ಸೆನಿಹಾ ಕೈ ನೀಡಿದಳು. "ನಿಮ್ಮ ಮುದ್ರೆ ಕೊಡಿ."

ಅಜ್ಜಿ ಕಪಾಟಿನಿಂದ ಮರದ ಮುದ್ರೆ ತಂದಳು. ಅತ್ತೆಯ ಕಾಲದ್ದು. ನಾಲ್ಕು ಮೂಲೆಯಲ್ಲಿ ಒಂದೂ ನೆಟ್ಟಗಿರಲಿಲ್ಲ. ಉಳಿದಿದ್ದ ಅವಳ ಹಬ್ಬದ ರೊಟ್ಟಿಯ ಮೇಲೂ ಹಾಗೆಯೇ, ಸವೆದ ಮೊಂಡು ಗುರುತು. ಓಬ್ರೆನ್‌ನ ಜೇಬಿನ ರೊಟ್ಟಿಯ ಮೂಲೆ ಚಾಕುವಿನಲ್ಲಿ ಕೊರೆದಷ್ಟು ಚೂಪಾಗಿತ್ತು.

ಅಜ್ಜಿ ನಿಜ ಹೇಳಿದ್ದಳು. ಅವತ್ತು ಈ ಊರಿನಲ್ಲಿ ಇನ್ನೊಂದು ಮನೆ ಮಿಹಾಯಿಲನ ರೊಟ್ಟಿ ಸುಟ್ಟಿತ್ತು. ಯಾರಿಗೂ ಹೇಳದೆ.

* * *

"ಒಂದೊಂದು ಮನೆ ದೇವರೂ ನನಗೆ ಗೊತ್ತು," ಎಂದ ಪೆರಿಶಾ, ಜೇನುಪೆಟ್ಟಿಗೆಗಳ ನಡುವಿನ ದಾರಿಯಲ್ಲಿ ಏದುಸಿರು ಬಿಡುತ್ತ. "ಮನೆದೇವರು ಅಪ್ಪನಿಂದ ಮಗನಿಗೆ ಬರೋದು. ಅಂಗಿ ಬದಲಾಯಿಸಿದ ಹಾಗೆ ಬದಲಾಯಿಸೋಕಾಗಲ್ಲ. ಗಾವ್ರೊ ಜೊರ್ಜೆಯ ಒಕ್ಕಲು, ಮಿಲೆವಾ ಲೂಕಾನ ಒಕ್ಕಲು, ಈ ಸಿಮೊ ನಿಕೊಲಾನ ಒಕ್ಕಲು."

ಸಿಮೊ ಯುದ್ಧ ಮುಗಿದ ವರ್ಷ ನಿರಾಶ್ರಿತನಾಗಿ ಬಂದವನು. ಹೆಂಡತಿ ಮಕ್ಕಳೆಲ್ಲ ದಾರಿಯಲ್ಲೇ ಹೋದರಂತೆ. ಊರಾಚೆ ಜೇನು ಸಾಕಿಕೊಂಡಿದ್ದ. ಓಬ್ರೆನ್‌ಗೆ ಇದ್ದ ಒಬ್ಬನೇ ಗೆಳೆಯ. ಇಬ್ಬರೂ ದಿನಾ ಮಧ್ಯಾಹ್ನ ಚದುರಂಗದ ಮಣೆಯ ಎರಡು ಬದಿಗೆ ಕೂತು, ಮಾತಿಲ್ಲದೆ ಸಂಜೆ ಮಾಡುತ್ತಿದ್ದರು.

"ಹಬ್ಬಕ್ಕೆ ನೀನು ಬಂದಿದೀಯಾ ಇವನ ಮನೆಗೆ?"

"ಬರದೆ? ಮುಂದಿನ ತಿಂಗಳು ಮತ್ತೆ ಬರ್ತೀನಿ. ನಿಕೊಲಾ ಹಬ್ಬ ಉಪವಾಸದ ಕಾಲದಲ್ಲಲ್ವಾ, ಮೀನು ಮಾಡ್ತಾನೆ. ಆಹಾ! ಗೋಧಿ ಮಾತ್ರ ಇಡಲ್ಲ. ಕೇಳಿದ್ರೆ, 'ಒಂಟಿ ಗಂಡಸು, ನನಗೆಲ್ಲಿ ಬರುತ್ತೆ ಅದನ್ನ ಬೇಯಿಸೋಕೆ' ಅಂತಾನೆ."

"ನಿನಗೆ ಬರುತ್ತಾ?"

"ನನಗೆ ಹೆಂಡ್ತಿ ಇದಾಳಲ್ಲ!"

ಸಿಮೊ ಬಾಗಿಲಲ್ಲೇ ನಿಂತಿದ್ದ. ತೆಳ್ಳನೆಯ ಮನುಷ್ಯ, ಎದೆ ಮುಟ್ಟುವ ಬಿಳಿ ಗಡ್ಡ. ಒಳಗೆ ಚದುರಂಗದ ಮಣೆ ಹಾಗೇ ಇತ್ತು, ಆಟ ಅರ್ಧಕ್ಕೆ ನಿಂತಿತ್ತು.

"ಅವನ ಸರದಿ," ಎಂದ ಸಿಮೊ. "ತೆಗೆಯೋಕೆ ಮನಸ್ಸು ಬರ್ತಿಲ್ಲ ತಾಯಿ."

"ಹಬ್ಬದ ದಿನ ಬಂದಿದ್ನಾ?"

"ಇಲ್ಲ. ಸ್ತಾನೊಯ್ಕಾ ಮನೇಲಿ ಊಟ ಇರುತ್ತಲ್ಲ, ಅಲ್ಲಿಗೆ ಹೋಗಿರ್ತಾನೆ ಅಂದ್ಕೊಂಡೆ. ಕಾದೆ. ಬರಲಿಲ್ಲ." ಅವನು ಕಿಟಕಿಯ ಹೊರಗೆ ನೋಡಿದ. "ನಿಮಗೆ ಗೊತ್ತಿರುತ್ತೆ. ಒಬ್ಬರೇ ಇರೋರ ಮನೇಲಿ ಬಾಗಿಲು ಸದ್ದಾದ್ರೆ ಹೇಗನ್ಸುತ್ತೆ ಅಂತ."

ಸೆನಿಹಾಳಿಗೆ ಗೊತ್ತಿತ್ತು. ಅವನ ಮೇಲೆ ಕರುಣೆ ಉಕ್ಕಿತು. ಹೊರಡುವಾಗ ಅವನು ಒಂದು ಸೀಸೆ ಜೇನು ಕೈಗಿತ್ತ.

"ಹೆಣ ಯಾರು ತಗೋತಾರೆ?" ಎಂದು ಕೇಳಿದ. "ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಮಣ್ಣಿನ ಕೆಲಸ ನಾನೇ ಮಾಡ್ತೀನಿ."

* * *

ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ಪಾದ್ರಿ ಬೇಗ ಬೇಗ ಮಂತ್ರ ಮುಗಿಸಿದರು. ಬಹುಮಾನಕ್ಕೆ ಕೈ ಚಾಚಿದವನ ಗೋರಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಲು ಯಾರಿಗೂ ಇಷ್ಟವಿರಲಿಲ್ಲ. ಸಿಮೊ ಮಾತ್ರ ಟೋಪಿ ತೆಗೆದು ಚಳಿಯಲ್ಲಿ ನಿಂತೇ ಇದ್ದ.

ಆಮೇಲೆ ಗೋಧಿಯ ಬಟ್ಟಲು ಬಂತು. ಒಂದು ಬಟ್ಟಲು, ಒಂದು ಚಮಚ. ಒಬ್ಬರ ನಂತರ ಒಬ್ಬರು ತೆಗೆದುಕೊಂಡು, "ದೇವರು ಅವನನ್ನ ಕ್ಷಮಿಸಲಿ" ಅಂದರು. ಸೆನಿಹಾಳ ಸರದಿ ಬಂದಾಗ ಅವಳೂ ತೆಗೆದುಕೊಂಡಳು. ಅವಳ ಅಪ್ಪನೂ ತೆಗೆದುಕೊಳ್ಳುತ್ತಿದ್ದ.

ಗೋಧಿ ಬಾಯಲ್ಲಿ ಕರಗಿತು. ಒಂದು ಕಾಳೂ ಒಡೆದಿರಲಿಲ್ಲ, ಒಂದೂ ಗಟ್ಟಿ ಇರಲಿಲ್ಲ. ಅಕ್ರೋಟಿನ ಪುಡಿ ಹದವಾಗಿ ಹುರಿದಿತ್ತು.

"ಯಾರ ಕೈ ಇದು?" ಸ್ತಾನೊಯ್ಕಾ ಅಜ್ಜಿ ಚಮಚ ನೆಕ್ಕುತ್ತ ಕೇಳಿದಳು. "ಹಿಂದಿನ ರಾತ್ರಿ ನೆನೆಸಿ, ಬೇಯಿಸಿ, ಬಟ್ಟೆ ಮೇಲೆ ಹರಡಿ ಆರಿಸಿದಾರೆ. ಈಗಿನ ಸೊಸೆಯಂದಿರಿಗೆ ಇದು ಬರಲ್ಲ."

"ಸಿಮೊ ಮಾಡಿದ್ದು," ಎಂದರು ಪಾದ್ರಿ.

ಸೆನಿಹಾ ಪೆರಿಶಾನ ಮುಖ ನೋಡಿದಳು. ಪೆರಿಶಾ ಎರಡನೇ ಚಮಚಕ್ಕೆ ಕೈ ಚಾಚಿದ್ದ. ಕೈ ಗಾಳಿಯಲ್ಲೇ ನಿಂತಿತು.

"ಇನ್‌ಸ್ಪೆಕ್ಟರಮ್ಮ," ಅವನ ದನಿ ಕೆಳಗಿಳಿದಿತ್ತು, "ಇವನಿಗೆ ಬೇಯಿಸೋಕೆ ಬರಲ್ಲ ಅಂದಿದ್ನಲ್ಲ?"

"ನನ್ನ ಮೇಜಿನ ಮೇಲೆ ಒಂದು ಜೇನಿನ ಸೀಸೆ ಇದೆ," ಎಂದಳು ಸೆನಿಹಾ. "ಬಟ್ಟೇಲಿ ಹಿಡಿದು ಎತ್ತು. ಜಿಲ್ಲಾ ಠಾಣೆಗೆ ತಗೊಂಡು ಹೋಗು. ಮೇಜರನ ಬೆರಳಚ್ಚು ಅಲ್ಲಿದೆ."

* * *

ಸಂಜೆಗೆ ಮುಂಚೆ ಫೋನ್ ಬಂತು. ಸೀಸೆಯ ಮೇಲಿನ ಬೆರಳಚ್ಚು ಮೇಜರನದೇ. ಆಗಲೇ ಜಿಲ್ಲೆಯ ಪೊಲೀಸರು ಜೇನುಪೆಟ್ಟಿಗೆಗಳ ಹಿಂದೆ ಸುತ್ತುವರಿದಿದ್ದರು. ಸೆನಿಹಾ ಒಳಗೆ ಹೋದಳು. ಪೆರಿಶಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಸಿಮೊ ಚದುರಂಗದ ಮಣೆಯ ಮುಂದೆ ಕೂತಿದ್ದ.

"ಗೋಧಿ ಚೆನ್ನಾಗಿತ್ತು," ಎಂದಳು ಸೆನಿಹಾ.

"ನಮ್ಮಮ್ಮ ಕಲಿಸಿದ್ದು."

"ಹೌದು. ಸತ್ತವರಿಗೆ ಬೇಯಿಸೋಕೆ ಕಲಿಸಿದ್ರು. ಹಬ್ಬಕ್ಕೆ ಬೇಯಿಸೋಕೆ ಕಲಿಸಲಿಲ್ಲ. ಯಾಕಂದ್ರೆ ನಿಮ್ಮ ಮನೇಲಿ ಹಬ್ಬಕ್ಕೆ ಯಾವತ್ತೂ ಗೋಧಿ ಬೇಯಿಸಿಲ್ಲ."

ಅವನು ಒಂದು ಕಾಯಿಯನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟ.

"ಹೆಸರು ಬದಲಾಯಿಸಿದ್ರಿ. ಮೈ ಇಳಿಸಿದ್ರಿ. ಗಡ್ಡ ಬಿಟ್ರಿ. ಮನೆದೇವರನ್ನೂ ಬದಲಾಯಿಸಿ ನಿಕೊಲಾ ಅಂದ್ರಿ. ಅವತ್ತು ಮೀನು ಇಟ್ರಿ, ರೊಟ್ಟಿ ಇಟ್ರಿ, ಮೇಣದ ಬತ್ತಿ ಹಚ್ಚಿದ್ರಿ. ಗೋಧಿ ಇಡೋಕೆ ಕೈ ಬರಲಿಲ್ಲ. ಹಬ್ಬದ ಮೇಜಿನ ಮೇಲೆ ಗೋಧಿ ಅಂದ್ರೆ ನಿಮಗೆ ಅಪಶಕುನ. ಬೇಯಿಸೋಕೆ ಬರಲ್ಲ ಅಂತ ಒಂದು ಸುಳ್ಳು ಹೇಳಿದ್ರಿ. ಇವತ್ತು ಆ ಸುಳ್ಳನ್ನ ಮರೆತುಬಿಟ್ರಿ."

"ತೆಪಾವಾತ್ಸ್ ಕುಲ ಪೂರ್ತಿ ಮಿಹಾಯಿಲನ ಒಕ್ಕಲು," ಎಂದ ಪೆರಿಶಾ ಬಾಗಿಲಿನಿಂದ. ಅವನ ದನಿಯಲ್ಲಿ ಇವತ್ತು ತಮಾಷೆ ಇರಲಿಲ್ಲ. "ನಮ್ಮ ಕಡೆ ಮುದುಕರಿಗೆಲ್ಲ ಗೊತ್ತು."

"ಓಬ್ರೆನ್‌ಗೆ ಅನುಮಾನ ಹತ್ತಿತ್ತು," ಸೆನಿಹಾ ಮುಂದುವರಿಸಿದಳು. "ಖಾತ್ರಿ ಮಾಡ್ಕೊಳ್ಳೋಕೆ ಒಂದೇ ದಾರಿ. ಮಿಹಾಯಿಲನ ದಿನ, ಒಳ್ಳೆ ಬಟ್ಟೆ ಹಾಕ್ಕೊಂಡು, ಕರೆಯದೆ ಬಂದು ಬಾಗಿಲು ತಟ್ಟೋದು. 'ಹಬ್ಬದ ಶುಭಾಶಯ ಯಜಮಾನರೇ' ಅನ್ನೋದು. ಮಿಹಾಯಿಲನ ಒಕ್ಕಲಾಗಿದ್ರೆ ನೀವು ಅವನನ್ನ ವಾಪಸ್ ಕಳಿಸೋಕಾಗಲ್ಲ. ಸ್ತಾನೊಯ್ಕಾ ಅಜ್ಜಿ ಮನೆಗೆ ಅವನು ಹೋಗಲಿಲ್ಲ. ಆದರೂ ಮುದ್ರೆ ಒತ್ತಿದ ರೊಟ್ಟಿ ಅವನ ಜೇಬಲ್ಲಿತ್ತು. ನಿಮ್ಮ ಕಪಾಟಿನಲ್ಲಿ ಹೊಸ ಮುದ್ರೆ ಇರಬೇಕು. ನೀವೇ ಕೆತ್ತಿದ್ದು. ತೆಗೀಲಾ?"

ಸಿಮೊ ಬೇಡವೆಂದು ಕೈಯಾಡಿಸಿದ. ಮಣೆಯ ಆಚೆಯ ಖಾಲಿ ಕುರ್ಚಿಯನ್ನು ನೋಡಿದ. ಹೊರಗೆ ಜೇನುಹುಳಗಳು ಚಳಿಗೆ ಗೂಡು ಸೇರಿದ್ದವು.

"ಹೋದ ವರ್ಷ ಅದೇ ದಿನ ಅವನು ಗರಗಸ ಕೇಳೋಕೆ ಬಂದಿದ್ದ," ಎಂದ ಕೊನೆಗೆ. "ಬತ್ತಿ ಉರೀತಿತ್ತು. ಅಮ್ಮ ಸತ್ತ ದಿನ ಅಂದೆ. ನಂಬಿದ ಅಂದ್ಕೊಂಡೆ. ಈ ಸಲ ಬಿಳಿ ಅಂಗಿ ಹಾಕ್ಕೊಂಡು ನಿಂತಿದ್ದ. ಹದಿನಾಲ್ಕು ವರ್ಷ ನನ್ನ ಹಬ್ಬಕ್ಕೆ ಯಾರೂ ಬಂದಿರಲಿಲ್ಲ ತಾಯಿ. ಒಬ್ಬನೇ ರೊಟ್ಟಿ ಕುಯ್ದು, ಒಬ್ಬನೇ ತಿಂತಿದ್ದೆ. ಅವನು ಆ ಮಾತು ಹೇಳಿದ ಕೂಡಲೇ ಎದ್ದು ನಿಂತೆ. ಕಾಲು ತಾನಾಗೇ ಎದ್ದಿತು. ಬಡಿಸಿದೆ. ಅವನು ಉಂಡ. ಆಮೇಲೆ ಕೇಳಿದ."

"ಏನು?"

"ನನ್ನ ಬಸ್ಸಿನ ಜನರನ್ನ ಎಲ್ಲಿ ಹಾಕಿದೆ, ಅಂತ."

ಸೆನಿಹಾ ಸೊಂಟದಿಂದ ಕೋಳ ತೆಗೆದಳು.

"ಮನೆಯೊಳಗೆ ಅತಿಥಿ ಮೇಲೆ ಕೈ ಮಾಡಬಾರದು. ಸೇತುವೆವರೆಗೂ ಕಳಿಸಿಕೊಡ್ತೀನಿ ಅಂತ ಜೊತೆಗೆ ಹೋದೆ. ಸೌದೆ ತುಂಡು ಕೋಟಿನೊಳಗಿತ್ತು."

"ಆಮೇಲೆ ಅವನಿಗೆ ಗೋಧಿ ಬೇಯಿಸಿದ್ರಿ!" ಪೆರಿಶಾ ಉಗುಳಿದಂತೆ ಅಂದ.

ಸಿಮೊ ಅವನನ್ನು ನಿಜವಾದ ಅಚ್ಚರಿಯಿಂದ ನೋಡಿದ. "ನಾನು ಬಿಟ್ಟರೆ ಅವನಿಗೆ ಇನ್ಯಾರು ಬೇಯಿಸ್ತಿದ್ರು?"

ಕೋಳ ತೊಡಿಸುವಾಗ ಸೆನಿಹಾ ಕೇಳಿದಳು. ಹದಿನೇಳು ವರ್ಷ ದಿನಾ ಬಾಯಿಪಾಠ ಮಾಡಿಟ್ಟ ಪ್ರಶ್ನೆ. ಹೊರಬಂದಾಗ ತೀರ ಚಿಕ್ಕದಾಗಿತ್ತು.

"ಎಲ್ಲಿದಾರೆ ಅವರು? ನಮ್ಮಪ್ಪ ಆ ಬಸ್ಸಲ್ಲಿದ್ರು. ಮುಹರೆಮ್. ಕ್ಷೌರಿಕ."

ಅವನು ಯೋಚಿಸಿದ. ಹುಬ್ಬು ಗಂಟಿಕ್ಕಿ, ಪ್ರಾಮಾಣಿಕವಾಗಿ ಯೋಚಿಸಿದ.

"ಹೆಸರು ನೆನಪಿಲ್ಲ. ಜಾಗ ನೆನಪಿದೆ. ಆದ್ರೆ ಹೇಳಲ್ಲ. ನ್ಯಾಯಾಲಯದಲ್ಲಿ ಚೌಕಾಸಿ ಮಾಡೋಕೆ ನನ್ನ ಹತ್ತಿರ ಉಳಿದಿರೋದು ಅದೊಂದೇ."

* * *

ವಾರದ ನಂತರ ಬಹುಮಾನದ ಕಚೇರಿಯಿಂದ ತಿಳಿಸಿದರು. ಓಬ್ರೆನ್ ಫೋನಿನಲ್ಲಿ ಹೆಸರು ಹೇಳಿರಲಿಲ್ಲ. ಸೆನಿಹಾ ಸರ್ಕಾರಿ ನೌಕರಳು. ಬಹುಮಾನ ಯಾರಿಗೂ ಸಲ್ಲುವುದಿಲ್ಲ. ಗಾವ್ರೊ ಅಂಗಡಿಯ ಚಿತ್ರ ಇಳಿಸಿದ. ನೇಣು ಬಿಗಿದರೂ ಮೇಜರನ ಸುಳಿವು ಕೊಡುವವನಲ್ಲ ತಾನು ಎಂದು ಕೊಚ್ಚಿಕೊಳ್ಳುವುದನ್ನೂ ನಿಲ್ಲಿಸಿದ.

ಅದೇ ಭಾನುವಾರ ಸ್ತಾನೊಯ್ಕಾ ಅಜ್ಜಿ ಸೇತುವೆ ದಾಟಿದಳು. ಯುದ್ಧವಾದ ಮೇಲೆ ಮೊದಲ ಸಲ. ಮೂರನೇ ಮನೆಯ ಅಂಗಳದಲ್ಲಿ ಕೋಲೂರಿ ನಿಂತಳು. ಒಳಗೆ ಕರೆದರೂ ಬರಲಿಲ್ಲ.

"ಆ ಮೇಜರ್ ಎಲ್ಲೋ ಬದುಕಿದಾನೆ ಅನ್ನೋ ಭಯಕ್ಕೆ ನನ್ನ ನಾಲಿಗೆ ಏಳಲಿಲ್ಲ ಮಗಳೇ. ಪಕ್ಕದಲ್ಲೇ ಇದಾನೆ ಅಂತ ಗೊತ್ತಿರಲಿಲ್ಲ. ಅವನ ಹತ್ರಾನೇ ಜೇನು ಕೊಳ್ತಿದ್ದೆ." ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು. "ಆ ವಸಂತದಲ್ಲಿ ನಮ್ಮನೆಯವರನ್ನ ಟ್ರ್ಯಾಕ್ಟರ್ ಸಮೇತ ಕರ್ಕೊಂಡು ಹೋದ್ರು. ಮಣ್ಣು ಮುಚ್ಚೋಕೆ. ಸಾಯೋವಾಗ ನನಗೆ ಹೇಳಿದ್ರು. ಸಾಮಿಲ್ಲಿನ ಹಿಂದಿನ ಹಳೇ ಸುಣ್ಣದ ಗೂಡು. ಅದರ ಕೆಳಗಿನ ಇಳಿಜಾರು."

ಸೆನಿಹಾ ಸಾಮಿಲ್ಲಿನ ಕಡೆ ತಿರುಗಿ ನೋಡಿದಳು.

"ಬೈಯಿ. ಹೊಡಿ ಬೇಕಾದ್ರೆ."

ಸೆನಿಹಾ ಬೈಯಲಿಲ್ಲ. ಹೊಡೆಯಲೂ ಇಲ್ಲ. ಒಳಗೆ ಹೋಗಿ ಒಂದು ಕುರ್ಚಿ ತಂದು ಅಂಗಳದಲ್ಲಿ ಹಾಕಿದಳು.

ನೆಲ ಹೆಪ್ಪುಗಟ್ಟುವ ಮೊದಲೇ ಅಗೆದರು. ಇದ್ದರು. ಎಲ್ಲರೂ ಇದ್ದರು. ಯಾರು ಯಾರೆಂದು ತಿಳಿಯಲು ವಸಂತದವರೆಗೆ ಕಾಯಬೇಕಾಯಿತು.

ಒಂದು ಮಧ್ಯಾಹ್ನ ಠಾಣೆಯ ಫೋನ್ ರಿಂಗಣಿಸಿತು. ಪ್ರಯೋಗಾಲಯದ ಹುಡುಗಿ. ಕೆಲಸಕ್ಕೆ ಹೊಸಬಳು, ಒಂದೊಂದೇ ಪದ ಜೋಪಾನವಾಗಿ ಆಡುತ್ತಿದ್ದಳು.

"ಒಬ್ಬರ ಗುರುತು ಸಿಕ್ಕಿದೆ. ಮುಹರೆಮ್ ಅಂತ. ಕ್ಷೌರಿಕರಂತೆ. ನಿಮ್ಮ ಠಾಣೆಯವರು ಮನೆಯವರಿಗೆ ತಿಳಿಸಬೇಕು. ಫೋನಲ್ಲಿ ಹೇಳಬೇಡಿ ದಯವಿಟ್ಟು. ಮನೆಗೇ ಹೋಗಬೇಕು. ಕೂರಿಸಿ, ನಿಧಾನವಾಗಿ ಹೇಳಬೇಕು. ಅದು ನಿಯಮ."

"ಆಗಲಿ," ಎಂದಳು ಸೆನಿಹಾ.

ಪೆರಿಶಾ ನಿವೃತ್ತನಾಗಿದ್ದ. ಠಾಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಬೀಗ ಹಾಕಿದಳು. ಸೇತುವೆ ದಾಟಿ ಮನೆಗೆ ಬಂದಳು. ರೇಡಿಯೋ ಹಾಕಲಿಲ್ಲ. ಪೊಲೀಸ್ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಅಡುಗೆಮನೆಯ ಕುರ್ಚಿಯಲ್ಲಿ ಕೂತಳು.

ಆಮೇಲೆ ನಿಧಾನವಾಗಿ, ಗಟ್ಟಿಯಾಗಿ ಹೇಳಿದಳು.